ದೀಪ ಅಗ್ಗ, ಎಣ್ಣೆ ತುಟ್ಟಿ

(ಕೊಟ್ಟೂರಿನಲ್ಲಿ ಜಿನ್ನಿಂಗ್ ಹಾಗೂ ಎಣ್ಣೆ ಗಿರಣಿಗಳ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ನಮ್ಮ ಸಂಘಟಕರು ಮಾಡಿದ ಭಾಷಣ. ಪತ್ರಿಕೆಗಾಗಿ ಅವರೇ ಬರೆದುಕೊಟ್ಟದ್ದು.)



ಪಾಳಿ ಮುಗಿಸಿ, ಮುಖ ತೊಳೆಯುವುದಕ್ಕೂ ಮನೆಗೆ ಹೋಗದೆ ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಹತ್ತಿಯ ಧೂಳು ಇನ್ನೂ ನಿಮ್ಮ ತಲೆಗೂದಲಲ್ಲಿದೆ. ಅಂಗಡಿಯವರು ಬಾಗಿಲು ಅರ್ಧ ಎಳೆದು, ಹುಡುಗನನ್ನು ಗಲ್ಲೆಯ ಹತ್ತಿರ ಕೂರಿಸಿ ಬಂದಿದ್ದಾರೆ. ಆದುದರಿಂದ ದೊಡ್ಡ ದೊಡ್ಡ ಮಾತು ಬೇಡ. ಲೆಕ್ಕದ ಮಾತು ಆಡೋಣ. ನಾವು ಮೊದಲು ಮೇಷ್ಟ್ರ ಕೆಲಸ ಮಾಡಿದವರು. ಕರಿಹಲಗೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದೆವಾದರೂ ಲೆಕ್ಕ ಹಾಕುವ ಚಟ ನಮ್ಮನ್ನು ಬಿಟ್ಟಿಲ್ಲ.

ಈ ದಿವಸದ ವಿಷಯ ನಿಮ್ಮೆಲ್ಲರ ಜೇಬಿನಲ್ಲಿಯೇ ಇದೆ. ಮೊಬೈಲ್ ಫೋನು. ಇದಕ್ಕೆ ನಾವು ಕೊಡುವ ಬೆಲೆ ಎಷ್ಟು, ಆ ಬೆಲೆಯನ್ನು ಕಟ್ಟುವವರು ಯಾರು, ಅವರು ಅದನ್ನು ಹೇಗೆ ಕಟ್ಟುತ್ತಾರೆ ಎಂಬುದಿಷ್ಟೇ ನಮ್ಮ ವಿಚಾರ.

ಮೊದಲು ಒಂದು ಸಂಗತಿ ಹೇಳುತ್ತೇವೆ. ನಮ್ಮ ಓಣಿಯಲ್ಲಿ ಒಬ್ಬ ತಾಯಿ ಇದ್ದಾಳೆ. ಮಗನೂ ಸೊಸೆಯೂ ಗುಳೆ ಹೋಗಿದ್ದಾರೆ. ಬೆಂಗಳೂರಲ್ಲಿ ಕಟ್ಟಡದ ಕೆಲಸ. ಮೊಮ್ಮಗಳು ಅಜ್ಜಿಯ ಹತ್ತಿರ. ಈ ತಾಯಿ ತಾನಾಗಿ ಯಾರಿಗೂ ಫೋನು ಮಾಡುವವಳಲ್ಲ, ಮಾಡಲು ಬರುವುದೂ ಇಲ್ಲ. ಬಂದ ಫೋನನ್ನು ಎತ್ತಿ ‘ಉಂಡ್ಯಾ ಮಗನೇ’ ಎಂದು ಕೇಳುವವಳು. ಒಮ್ಮೆ ಎಂಟು ದಿನ ಫೋನು ಬಾರಿಸಲಿಲ್ಲ. ಒಂಬತ್ತನೆಯ ದಿನ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಹತ್ತಿರ ಬಂದಳು. ‘ಇದು ಕೆಟ್ಟೈತೇನು ನೋಡಪ್ಪಾ ಮೇಷ್ಟ್ರೇ’ ಅಂದಳು. ನೋಡಿದರೆ ಫೋನು ಕೆಟ್ಟಿರಲಿಲ್ಲ. ಪ್ಯಾಕ್ ಮುಗಿದಿತ್ತು. ಹೊರಗೆ ಹೋಗುವ ಕರೆಯಂತೂ ಸರಿ, ಒಳಗೆ ಬರುವ ಕರೆಯೂ ನಿಂತುಹೋಗಿತ್ತು. ಆ ಎಂಟು ದಿನಗಳಲ್ಲಿ ಅತ್ತ ಮಗ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡು, ದಿನಾಲೂ ತಾಯಿಗೆ ಫೋನು ಹಚ್ಚಿ ಹಚ್ಚಿ ಸೋತಿದ್ದನು. ಸುದ್ದಿ ಕೊನೆಗೆ ಬಂದದ್ದು ಊರಿಗೆ ಮರಳಿದ ಮತ್ತೊಬ್ಬ ಗುಳೆಯವನ ಬಾಯಿಂದ.

ಅವಳು ಅಳಲಿಲ್ಲ. ನಮ್ಮನ್ನು ಒಂದು ಪ್ರಶ್ನೆ ಕೇಳಿದಳು: ‘ನಾನು ಯಾರಿಗೂ ಮಾತಾಡಿಲ್ಲಪ್ಪಾ. ಮಾತೇ ಆಡದ ರೊಕ್ಕ ಹೆಂಗ ಮುಗೀತು?’

ಯಾವ ಕಂಪನಿ ಎಂದು ನೀವು ಕೇಳಬಹುದು. ಹೆಸರು ಬೇಡ, ಒಬ್ಬನ ಹೆಸರು ಹೇಳಿದರೆ ಉಳಿದವರನ್ನು ಬಿಟ್ಟಂತಾಗುತ್ತದೆ. ಆದರೆ ಆ ತಾಯಿಯ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರ ಮಂತ್ರಿ ಸುಖರಾಮ್ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ಈ ದೇಶದಲ್ಲಿ ಅದೇ ಮೊದಲ ಮೊಬೈಲ್ ಕರೆ ಎಂದು ಲೆಕ್ಕ. ಆಗ ಹ್ಯಾಂಡ್‌ಸೆಟ್ಟಿಗೆ ಹತ್ತಾರು ಸಾವಿರ. ಠೇವಣಿ ಬೇರೆ, ತಿಂಗಳ ಬಾಡಿಗೆ ಬೇರೆ. ದಟ್ಟಣೆಯ ಹೊತ್ತಿನಲ್ಲಿ ಒಂದು ನಿಮಿಷದ ಮಾತಿಗೆ 16 ರೂಪಾಯಿಗೂ ಮೇಲು. ಕರೆ ಮಾಡಿದವನೂ ಕೊಡಬೇಕು, ಎತ್ತಿದವನೂ ಕೊಡಬೇಕು. ನಮ್ಮ ಕರ್ನಾಟಕಕ್ಕೆ ಆಮೇಲೆ ಲೈಸೆನ್ಸ್ ಪಡೆದು ಬಂದವರು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಎರಡು ಖಾಸಗಿ ಕಂಪನಿಗಳು. ನಮ್ಮಂಥವರಿಗೆ ಆಗ ಮೂಲೆಯ ಎಸ್.ಟಿ.ಡಿ. ಬೂತೇ ಗತಿ. ಆದರೆ ಒಂದು ಮಾತನ್ನು ನೆನಪಿಡಿ: ಬೆಲೆ ದುಬಾರಿಯಾಗಿತ್ತು, ಆದರೆ ಕಣ್ಣಿಗೆ ಕಾಣುತ್ತಿತ್ತು. ಯಂತ್ರಕ್ಕೆ ಇಷ್ಟು, ಠೇವಣಿಗೆ ಇಷ್ಟು, ಮಾತಿಗೆ ಇಷ್ಟು ಎಂದು ಮೂರೂ ಬೇರೆ ಬೇರೆಯಾಗಿ ಎದುರಿಗಿದ್ದವು.

ಹಣವಂತರೆಲ್ಲ ಕೊಂಡಾದ ಮೇಲೆ ಕಂಪನಿಗಳಿಗೆ ಗಿರಾಕಿ ಬೇಕಾಯಿತು. ಆಗ ನಮ್ಮ ನೆನಪು ಬಂತು. ಹತ್ತಾರು ಸಾವಿರ ಒಮ್ಮೆಗೇ ಕೊಡಲಾರದವನಿಗೆ ಮಾರುವುದು ಹೇಗೆ? ಈ ಪ್ರಶ್ನೆ ಹೊಸದಲ್ಲ. ಹಿಂದೆ ಚೀನಾ ದೇಶದಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯವರು ಸೀಮೆಎಣ್ಣೆ ಮಾರಲು ಹೋದಾಗ ಜನರ ಹತ್ತಿರ ಅದನ್ನು ಉರಿಸುವ ದೀಪವೇ ಇರಲಿಲ್ಲ. ಕಂಪನಿಯವರು ತಾವೇ ದೀಪ ಮಾಡಿಸಿ ಅತಿ ಅಗ್ಗಕ್ಕೆ ಹಂಚಿದರು. ದೀಪ ಮನೆಗೆ ಬಂದ ಮೇಲೆ ಎಣ್ಣೆ ಕೊಳ್ಳದೆ ಇರಲಾದೀತೇ?

ಚೀನಾದವರೆಗೆ ಯಾತಕ್ಕೆ ಹೋಗಬೇಕು? ನಮ್ಮ ರೈತ ಮುಂಗಾರಿಗೆ ಮೊದಲು ಶೇಂಗಾ ಬೀಜಕ್ಕೆ ಅಡತಿ ಅಂಗಡಿಗೆ ಹೋಗುತ್ತಾನೆ. ಸಾಹುಕಾರ ನಗುನಗುತ್ತ ಬೀಜ ಕೊಡುತ್ತಾನೆ, ಗೊಬ್ಬರ ಕೊಡುತ್ತಾನೆ, ‘ರೊಕ್ಕ ಆಮೇಲೆ ನೋಡೋಣ ಬಿಡು’ ಅನ್ನುತ್ತಾನೆ. ಸುಗ್ಗಿಯಲ್ಲಿ ಮಾಲು ಅದೇ ಅಂಗಡಿಗೆ ಬರಬೇಕು. ತಕ್ಕಡಿ ಅವನದು, ದರ ಅವನದು, ದಲಾಲಿ ಅವನದು. ಬೀಜ ಉದ್ರಿ ಸಿಕ್ಕಿತೆಂದು ಹಿಗ್ಗಿದವನು ಬೀಜದ ಬೆಲೆಯನ್ನು ತಕ್ಕಡಿಯಲ್ಲಿ ತೆತ್ತಿರುತ್ತಾನೆ. ಮೊಬೈಲ್ ಕಂಪನಿಯ ಹ್ಯಾಂಡ್‌ಸೆಟ್ಟೂ ಹೀಗೆಯೇ. ಅದು ಬೀಜ. ಸುಗ್ಗಿ ಮಾತ್ರ ವರ್ಷಕ್ಕೆ ಒಂದಲ್ಲ, ಹದಿಮೂರು. ಹದಿಮೂರು ಹೇಗೆಂದು ಮುಂದೆ ಹೇಳುತ್ತೇವೆ.

ನಮ್ಮ ಈ ಸೀಮೆಗೆ ಹಳೆಯ ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರು. ಐನೂರರ ನಾಡಿಗೆ ಕಂಪನಿಯವರು ಐನೂರ ಒಂದು ರೂಪಾಯಿ ಎಂದು ಸಾರಿಕೊಂಡು ಬಂದರು. ಒಮ್ಮೆಯಲ್ಲ, ಎರಡು ಸಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಕಂಪನಿಯವರು ‘ಮಾನ್ಸೂನ್ ಹಂಗಾಮಾ’ ಎಂಬ ಹೆಸರಿನಲ್ಲಿ 501 ರೂಪಾಯಿಗೆ ಹ್ಯಾಂಡ್‌ಸೆಟ್ಟೂ ಸಂಪರ್ಕವೂ ಎಂದರು. ಉಳಿದ ಹಣ ತಿಂಗಳು ತಿಂಗಳು ಬಿಲ್ಲಿನ ಜೊತೆಗೆ. ಆ ಯಂತ್ರದಲ್ಲಿ ಬೇರೆ ಕಂಪನಿಯ ಸಿಮ್ ಹಾಕುವಂತಿರಲಿಲ್ಲ. ಸಂಪರ್ಕ ಬಿಟ್ಟರೆ ಯಂತ್ರವೂ ಆಟದ ಸಾಮಾನು. ದೇಶದಲ್ಲೆಲ್ಲ ಜನ ಮುಗಿಬಿದ್ದು ಕೊಂಡರು; ಆಮೇಲೆ ಬಿಲ್ಲು ಕಟ್ಟಲಾರದೆ ಬಾಕಿ ಉಳಿದವರೂ ಬಹಳ. ಹದಿನೈದು ವರ್ಷ ಕಳೆದು 2018ರ ಜುಲೈಯಲ್ಲಿ ಜಿಯೋ ಕಂಪನಿಯವರು ಅದೇ ‘ಮಾನ್ಸೂನ್ ಹಂಗಾಮಾ’ ಹೆಸರಿನಲ್ಲಿ, ಅದೇ 501 ರೂಪಾಯಿಗೆ, ಹಳೆಯ ಫೋನು ಕೊಟ್ಟು ಜಿಯೋಫೋನ್ ಒಯ್ಯಿರಿ ಎಂದರು. ಅದರೊಡನೆ ಆರು ತಿಂಗಳ ರೀಚಾರ್ಜ್ 594 ರೂಪಾಯಿ. ಅಂದರೆ ಗೋಡೆಯ ಮೇಲೆ ಓದಿದ್ದು 501, ಅಂಗಡಿಯಲ್ಲಿ ಎಣಿಸಿದ್ದು 1,095. ನಾವು ಮೋಸವೆಂದು ಹೇಳುತ್ತಿಲ್ಲ. ಷರತ್ತನ್ನು ಅವರು ಎಲ್ಲೋ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತಾರೆ. ದೊಡ್ಡ ಅಕ್ಷರವನ್ನು ನಮಗೆ ಬಿಟ್ಟು, ಸಣ್ಣ ಅಕ್ಷರವನ್ನು ತಮಗೆ ಇಟ್ಟುಕೊಳ್ಳುವುದೇ ಈ ವ್ಯಾಪಾರದ ಮರ್ಮ.

ಇನ್ನು ಠೇವಣಿ. 2017ರ ಜುಲೈ 21ರಂದು ಜಿಯೋಫೋನ್ ಅನ್ನು ಘೋಷಿಸಿದಾಗ ಫೋನಿನ ಬೆಲೆ ಸೊನ್ನೆ ಎಂದರು. 1,500 ರೂಪಾಯಿ ಠೇವಣಿ ಮಾತ್ರ, ಮೂರು ವರ್ಷದ ಮೇಲೆ ಫೋನು ಹಿಂದಿರುಗಿಸಿದರೆ ಅಷ್ಟೂ ವಾಪಸು ಎಂದರು. ಕೇಳಲು ಬಹಳ ಸೊಗಸು. ಕರಿಹಲಗೆ ಇದೆ ಎಂದುಕೊಳ್ಳಿ, ಬರೆಯೋಣ.

ಅಂದು ಹೇಳಿದ ರೀಚಾರ್ಜ್ 153 ರೂಪಾಯಿ, 28 ದಿನಕ್ಕೆ. ವರ್ಷಕ್ಕೆ ಹದಿಮೂರು ಸಲ, ಮೂರು ವರ್ಷಕ್ಕೆ ಮೂವತ್ತೊಂಬತ್ತು ಸಲ. ಆಯಿತು 5,967 ರೂಪಾಯಿ. ಫೋನು ಹಿಂದಕ್ಕೆ ಕೊಟ್ಟು 1,500 ಮರಳಿ ಪಡೆದರೂ ಈ 5,967 ಕೈಬಿಟ್ಟಿತು, ಫೋನೂ ಕೈಬಿಟ್ಟಿತು. ಮೂರು ವರ್ಷದ ಮಾತು ಮತ್ತು ಇಂಟರ್‌ನೆಟ್ ಅದರಲ್ಲಿ ಸೇರಿದೆ, ನಿಜ. ನಾವು ಅನ್ಯಾಯದ ಲೆಕ್ಕ ಹಾಕುವುದಿಲ್ಲ. ಆದರೆ ಇದನ್ನು ಪುಕ್ಕಟೆ ಎನ್ನಲಾದೀತೇ? ಷರತ್ತುಗಳನ್ನೂ ಓದೋಣ: ಪ್ರತಿ ವರ್ಷ ಕಡಿಮೆಯೆಂದರೆ 1,500 ರೂಪಾಯಿ ರೀಚಾರ್ಜ್ ಮಾಡಿಸಿರಬೇಕು. ಮೊದಲ ವರ್ಷದಲ್ಲಿಯೇ ಬೇಡವೆಂದರೆ 1,500 ರೂಪಾಯಿಯವರೆಗೂ ವಜಾ, ಎರಡನೆಯ ವರ್ಷದಲ್ಲಾದರೆ 1,000, ಮೂರನೆಯ ವರ್ಷದಲ್ಲಾದರೆ 500, ಮೇಲೆ ತೆರಿಗೆ. ಹಾಗಾದರೆ ಇದು ಠೇವಣಿಯೋ, ದಂಡವನ್ನು ಮುಂಗಡವಾಗಿ ವಸೂಲು ಮಾಡಿದ್ದೋ?

ಮತ್ತೊಂದು ಕಡೆಯಿಂದ ನೋಡಿ. ಒಂದು ಕೋಟಿ ಜನ ತಲೆಗೆ 1,500ರಂತೆ ಇಟ್ಟರೆ 1,500 ಕೋಟಿ ರೂಪಾಯಿ ಆಗುತ್ತದೆ. ನೂರಕ್ಕೆ ಆರರಂತೆ ಬಡ್ಡಿ ಹಿಡಿದರೂ ವರ್ಷಕ್ಕೆ 90 ಕೋಟಿ. ನೀವು ಬ್ಯಾಂಕಿಗೆ ಸಾಲ ಕೇಳಲು ಹೋದರೆ ಜಾಮೀನು ಕೇಳುತ್ತಾರೆ, ಪಹಣಿ ಕೇಳುತ್ತಾರೆ, ಬಡ್ಡಿ ಹಾಕುತ್ತಾರೆ. ನೀವೇ ಕೋಟ್ಯಧೀಶನಿಗೆ ಸಾಲ ಕೊಟ್ಟಾಗ ಮಾತ್ರ ಜಾಮೀನೂ ಇಲ್ಲ, ಬಡ್ಡಿಯೂ ಇಲ್ಲ; ಸಾಲ ಕೊಟ್ಟವನೇ ಷರತ್ತು ಪಾಲಿಸಬೇಕು! ಬಡವನ ಠೇವಣಿ ಎಂದರೆ ಬಡವನು ಸಾಹುಕಾರನಿಗೆ ಕೊಡುವ ಬಡ್ಡಿಯಿಲ್ಲದ ಕೈಗಡ.

ಒಬ್ಬರದೇ ಹೇಳಿದೆವೆಂದು ಬೇಡ. ಅದೇ 2017ರ ಅಕ್ಟೋಬರಿನಲ್ಲಿ ಏರ್‌ಟೆಲ್ ಕಂಪನಿಯವರು ಕಾರ್ಬನ್ ಫೋನನ್ನು ‘1,399 ರೂಪಾಯಿಗೆ’ ಎಂದು ಸಾರಿದರು. ಅಂಗಡಿಯಲ್ಲಿ ಕೊಡಬೇಕಾಗಿದ್ದು 2,899. ಆಮೇಲೆ ಮೂವತ್ತಾರು ತಿಂಗಳು 169ರಂತೆ ರೀಚಾರ್ಜ್. ಹದಿನೆಂಟು ತಿಂಗಳಿಗೆ 500, ಮೂವತ್ತಾರು ತಿಂಗಳಿಗೆ 1,000 ಮರಳಿ ಕೊಡುವುದು. ಒಟ್ಟು ಕೊಟ್ಟದ್ದು 8,983, ವಾಪಸು ಬಂದದ್ದು 1,500, ಬಿದ್ದದ್ದು 7,483. ಫೋನು ಮಾತ್ರ ಗಿರಾಕಿಗೇ ಉಳಿಯಿತು. ಈಗ ಹೇಳಿ, ‘1,399’ ಎಂಬ ಅಂಕಿ ಈ ಲೆಕ್ಕದಲ್ಲಿ ಎಲ್ಲಿಯಾದರೂ ನಿಮ್ಮ ಕೈಯಿಂದ ದಾಟಿತೇ? ಗಿರಾಕಿ ಎಂದೂ ಕೊಡದ ಬೆಲೆಯನ್ನು ಬೆಲೆಯೆಂದು ಬರೆಯುವ ವಿದ್ಯೆ ಇದು.

ಮೂರನೆಯದು ಎಣ್ಣೆ. ಅಂದರೆ ಮಾತಿನ ಬೆಲೆ. ಇದರಲ್ಲಿ ದರಕ್ಕಿಂತ ಅಳತೆಯನ್ನು ಗಮನಿಸಬೇಕು. ಸೇರು ಬದಲಾದರೆ ಜೋಳದ ಬೆಲೆ ಬದಲಾದ ಹಾಗೆಯೇ ಎಂಬುದು ಸಂತೆಗೆ ಹೋಗುವವರಿಗೆಲ್ಲ ಗೊತ್ತು. ಮೊದಲು ಅಳತೆ ನಿಮಿಷದ್ದಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2006ರ ಮಾರ್ಚಿಯಲ್ಲಿ ಬಿ.ಎಸ್.ಎನ್.ಎಲ್. ನಿಮಿಷಕ್ಕೆ ಒಂದು ರೂಪಾಯಿಯಂತೆ ದೇಶದ ಯಾವ ಮೂಲೆಗಾದರೂ ಮಾತಾಡಬಹುದೆಂದಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಆಗ ಹತ್ತು ಹನ್ನೆರಡು ಕಂಪನಿಗಳಿದ್ದವು. ಒಬ್ಬನು ಇಳಿಸಿದರೆ ಉಳಿದವರೂ ಇಳಿಸಲೇಬೇಕಾಯಿತು. ಅಳತೆ ಸಣ್ಣದಾದಷ್ಟು ಬಡವನಿಗೆ ಹಿತವಾಯಿತು. ಹತ್ತು ಸೆಕೆಂಡಿನಲ್ಲಿ ‘ಬಸ್ಸು ಇಳಿದೆ, ಬಂದೆ’ ಅಂದರೆ ಹತ್ತು ಪೈಸೆ, ಆಡಿದಷ್ಟಕ್ಕೆ ಕಾಸು.

ಈಗ ಅಳತೆ ಮಾತಿನದಲ್ಲ, ದಿನದ್ದು. ನೀವು ಮಾತಾಡಿ, ಬಿಡಿ. 28 ದಿನಕ್ಕೆ ಪ್ಯಾಕ್ ಮುಗಿಯುತ್ತದೆ. ಪಂಚಾಂಗದಲ್ಲಿ ತಿಂಗಳು ಹನ್ನೆರಡು, ಗಿರಣಿಯ ಪಗಾರ ಹನ್ನೆರಡು, ಕಂಪನಿಯ ತಿಂಗಳು ಮಾತ್ರ ಹದಿಮೂರು. 28ರಿಂದ 365ನ್ನು ಭಾಗಿಸಿ ನೋಡಿ. ಹದಿಮೂರನೆಯ ರೀಚಾರ್ಜ್ ಯಾವ ಪಗಾರದಿಂದ ಬರಬೇಕು? ಈ ದೂರು ಎದ್ದು ಎದ್ದು, 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಪ್ರತಿಯೊಂದು ಕಂಪನಿಯೂ 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್ ಇಡಬೇಕೆಂದು ಆಜ್ಞೆ ಮಾಡಿತು. ಇದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ ನೋಡೋಣ. (ಸಭೆಯಲ್ಲಿ ಮೂರು ಕೈಗಳು ಎದ್ದವು.) ನೋಡಿ, ಆಜ್ಞೆಯಾಯಿತು, ಆಜ್ಞೆಯ ಸುದ್ದಿ ಕೊಟ್ಟೂರಿಗೆ ಬರಲಿಲ್ಲ.

‘ಆಜೀವ’ ಎಂಬ ಇನ್ನೊಂದು ಮಾತಿತ್ತು, ಹಿರಿಯರಿಗೆ ನೆನಪಿದೆ. 2005ರ ಕೊನೆಯಲ್ಲಿ 999 ರೂಪಾಯಿ ಒಮ್ಮೆ ಕಟ್ಟಿದರೆ ಜೀವನಪೂರ್ತಿ ಒಳಕರೆ ಎಂದು ಮಾರಿದರು. ಯಾರ ಜೀವನ? ಗಿರಾಕಿಯದಲ್ಲ, ಕಂಪನಿಯ ಲೈಸೆನ್ಸಿನ ಜೀವನ. 2018ರ ಕೊನೆಗೆ ದೊಡ್ಡ ಕಂಪನಿಗಳು, 28 ದಿನಕ್ಕೆ ಕಡಿಮೆಯೆಂದರೆ 35 ರೂಪಾಯಿ ಹಾಕಿಸದಿದ್ದರೆ ಸಂಪರ್ಕ ಕಡಿಯುತ್ತೇವೆ ಎಂದವು. ನಮ್ಮ ಓಣಿಯ ತಾಯಿಯ ಪ್ರಶ್ನೆಗೆ ಉತ್ತರದ ಬೇರು ಇಲ್ಲಿದೆ. ಅಲ್ಲಿಯವರೆಗೆ ಫೋನು ಇಟ್ಟುಕೊಂಡವನು ಮಾತಾಡಿದ್ದಕ್ಕೆ ಕೊಡುತ್ತಿದ್ದನು; ಅಂದಿನಿಂದ ಇಟ್ಟುಕೊಂಡದ್ದಕ್ಕೇ ಕೊಡಬೇಕಾಯಿತು.

ಆ 35 ಅಲ್ಲಿಗೇ ನಿಲ್ಲಲಿಲ್ಲ. ಏರ್‌ಟೆಲಿನ ಅತಿ ಕಡಿಮೆಯ ಪ್ಯಾಕ್ 2021ರ ಕೊನೆಗೆ 99 ರೂಪಾಯಿ ಆಗಿತ್ತು. 2023ರ ಆರಂಭದಲ್ಲಿ ಕರ್ನಾಟಕದಲ್ಲಿ ಅದನ್ನು ತೆಗೆದು 155 ಮಾಡಿದರು, ಅದೂ 24 ದಿನಕ್ಕೆ. 2024ರ ಜುಲೈಯಲ್ಲಿ 28 ದಿನಕ್ಕೆ 199. ಕಂಪನಿಯವರ ಪರವಾಗಿಯೂ ಒಂದು ಮಾತು ಹೇಳಬೇಕು: 99ರ ಪ್ಯಾಕಿನಲ್ಲಿ ಮಾತು ಅಳತೆಯದು, 199ರಲ್ಲಿ ಅಳತೆಯಿಲ್ಲದ ಮಾತು, ಸ್ವಲ್ಪ ಇಂಟರ್‌ನೆಟ್ಟೂ ಸೇರಿದೆ. ದಿನವಿಡೀ ಮಾತಾಡುವ ವ್ಯಾಪಾರಿಗೆ ಇದು ಲಾಭವೇ. ಆದರೆ ಅಳತೆಯಿಲ್ಲದ ಮಾತು ಬೇಡವೆನ್ನುವ ಮುದುಕಿಗೆ? ಪಾವು ಅಕ್ಕಿ ಕೇಳಿದವಳಿಗೆ ಚೀಲ ಕೊಂಡರೆ ಮಾತ್ರ ಕೊಡುತ್ತೇನೆ, ಚೀಲ ಬಹಳ ಅಗ್ಗ ಎಂದರೆ, ಆ ಅಗ್ಗವನ್ನು ಅವಳು ಏನು ಮಾಡಬೇಕು?

ಈ ಕೂಗು ದೆಹಲಿಗೂ ಮುಟ್ಟಿತು. 2024ರ ಡಿಸೆಂಬರಿನಲ್ಲಿ ಟ್ರಾಯ್, ಇಂಟರ್‌ನೆಟ್ ಬೇಡವೆನ್ನುವವರಿಗೆ ಬರೀ ಮಾತು ಮತ್ತು ಸಂದೇಶದ ಪ್ಯಾಕ್ ಕೊಡಲೇಬೇಕೆಂದು ನಿಯಮ ಮಾಡಿತು. 2025ರ ಜನವರಿಯಲ್ಲಿ ಪ್ಯಾಕುಗಳು ಬಂದವು. ಏರ್‌ಟೆಲಿನದು 84 ದಿನಕ್ಕೆ 469, ವರ್ಷಕ್ಕೆ 1,849. ಜಿಯೋದ್ದು 84 ದಿನಕ್ಕೆ 448, 336 ದಿನಕ್ಕೆ 1,748. ನಿಯಮ ಪಾಲಿಸಿದಂತಾಯಿತು. ಆದರೆ ಗಮನಿಸಿ, ಇವುಗಳಲ್ಲಿ ತಿಂಗಳದ್ದು ಒಂದೂ ಇರಲಿಲ್ಲ. 469ರ ದರದಲ್ಲಿಯೇ 28 ದಿನಕ್ಕೆ ಲೆಕ್ಕ ಹಾಕಿದರೆ 156 ರೂಪಾಯಿ ಆಗುತ್ತದೆ. 156 ಕೈಯಲ್ಲಿದ್ದವನಿಗೆ ಅದು ಸಿಗುತ್ತಿರಲಿಲ್ಲ. 469 ಒಮ್ಮೆಗೇ ಇದ್ದವನಿಗೆ ಸಿಗುತ್ತಿತ್ತು. ಇಲ್ಲದವನು 199 ಕೊಟ್ಟು, ಹದಿಮೂರು ಸಲಕ್ಕೆ 2,587 ತೆರಬೇಕಾಗಿತ್ತು. ವರ್ಷದ 1,849ಕ್ಕೂ ಇದಕ್ಕೂ 738 ರೂಪಾಯಿ ಅಂತರ. ಕೈಯಲ್ಲಿ ದುಡ್ಡಿದ್ದವನಿಗೆ ಸಗಟು ದರ, ದಿನಗೂಲಿಯವನಿಗೆ ಚಿಲ್ಲರೆ ದರ. ಬಡತನವೇ ತುಟ್ಟಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ದರ ಏರುವುದಕ್ಕೆ ಕಾರಣವಿದೆ, ಕೇಳಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು 2017ರ ಮಾರ್ಚಿ ಮುಗಿಯುವವರೆಗೂ ಎಲ್ಲವನ್ನೂ ಪುಕ್ಕಟೆಯಾಗಿ ಕೊಟ್ಟಿತು. ಗಿರಾಕಿಗಳಾದ ನಾವು ಹಬ್ಬ ಮಾಡಿದೆವು. ಆ ಹಬ್ಬ ಮುಗಿಯುವ ಹೊತ್ತಿಗೆ ಅಂಗಡಿಗಳೇ ಕಡಿಮೆಯಾಗಿದ್ದವು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಕರೆಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿಗೆ ಹೋಯಿತು. ಅದೇ ವರ್ಷ ವೊಡಾಫೋನ್ ಐಡಿಯಾ ಒಂದಾದವು. ಟಾಟಾದ ಗಿರಾಕಿಗಳು 2019ರಲ್ಲಿ ಏರ್‌ಟೆಲಿಗೆ ಸೇರಿದರು. ಉಳಿದವರು ಖಾಸಗಿಯವರು ಮೂವರು, ಸರ್ಕಾರದ್ದೊಂದು. ಆಮೇಲೆ 2019ರ ಡಿಸೆಂಬರಿನಲ್ಲಿ ಏರಿಕೆ, 2021ರ ಕೊನೆಗೆ ಏರಿಕೆ, 2024ರ ಜುಲೈಯಲ್ಲಿ ಏರಿಕೆ. ಆ ಜುಲೈಯಲ್ಲಿ ಇಬ್ಬರು 3ನೆಯ ತಾರೀಖಿಗೆ ಏರಿಸಿದರು, ಮೂರನೆಯವನು 4ನೆಯ ತಾರೀಖಿಗೆ. ಮೂವರ ಬಳಿಯೂ 28 ದಿನದ ಒಂದು ಪ್ಯಾಕ್ 299ಕ್ಕೇ ಬಂದು ನಿಂತಿತು. ನಮ್ಮ ಸಂತೆಯಲ್ಲಿ ಮೂವರು ಈರುಳ್ಳಿಯವರು ಹೀಗೆ ಒಂದೇ ಬೆಲೆ ಕೂಗಿದರೆ ಗಿರಾಕಿ ಏನೆನ್ನುತ್ತಾನೋ ನಿಮಗೇ ಗೊತ್ತು.

ಖರ್ಚಿಲ್ಲವೆಂದು ನಾವು ಹೇಳುವುದಿಲ್ಲ. ಗೋಪುರ ನಿಲ್ಲಿಸಬೇಕು, ವಿದ್ಯುತ್ತು ಬೇಕು, ತರಂಗಾಂತರದ ಹರಾಜಿನ ಹಣ ಕಟ್ಟಬೇಕು. ಸರ್ಕಾರದ ಕೈಯೂ ಈ ತಕ್ಕಡಿಯ ಮೇಲಿದೆ: 199ರಲ್ಲಿ ನೂರಕ್ಕೆ 18ರ ಜಿ.ಎಸ್.ಟಿ. ಎಂದರೆ 30 ರೂಪಾಯಿ 36 ಪೈಸೆ. ಕಂಪನಿಯು ಕಟ್ಟುವ ಲೈಸೆನ್ಸ್ ಶುಲ್ಕ ಬೇರೆ. ಹಮಾಲನ ಫೋನಿಗೂ ಸಾಹುಕಾರನ ಫೋನಿಗೂ ಅದೇ ನೂರಕ್ಕೆ ಹದಿನೆಂಟು. ದರ ಎಷ್ಟಿರಬೇಕೆಂದು ಟ್ರಾಯ್ ಗೊತ್ತುಮಾಡುವುದಿಲ್ಲ; ಪೈಪೋಟಿಯೇ ನೋಡಿಕೊಳ್ಳುತ್ತದೆಂದು ಕಂಪನಿಗಳಿಗೆ ಬಿಟ್ಟಿದೆ. ಪೈಪೋಟಿ ಮಾಡುವವರೇ ಕಡಿಮೆಯಾದಾಗ ಈ ನಂಬಿಕೆ ಯಾರನ್ನು ಕಾಯುತ್ತದೆ?

ಅಂಗಡಿಯ ಬಂಧುಗಳಿಗೆ ಈಗ ಒಂದು ಮಾತು. ದರ ಏರಿದಾಗ ಬೈಗುಳ ತಿನ್ನುವವರು ನೀವು. ಸಂತೆಯ ದಾರಿಯಲ್ಲಿ ರೀಚಾರ್ಜ್ ಅಂಗಡಿ ಇಟ್ಟಿರುವ ತಮ್ಮನೊಬ್ಬ ನಮಗೆ ಹೇಳಿದ: ‘ಅಣ್ಣಾ, ಜನ ನನ್ನ ಮೇಲೆ ಸಿಟ್ಟಾಗ್ತಾರೆ. ನೂರು ರೂಪಾಯಿ ಹಾಕಿದರೆ ನನಗೆ ಉಳಿಯೋದು ಒಂದು ಚಹಾದ ರೊಕ್ಕವೂ ಅಲ್ಲ.’ ಅವನ ಮಾತು ನಿಜ. ಕಂಪನಿಗೆ ಹೆಸರು ಮಾಡಿಕೊಟ್ಟವನು ಅವನು, ಮನೆಮನೆಗೆ ಸಿಮ್ ಮುಟ್ಟಿಸಿದವನು ಅವನು. ಈಗ ಫೋನಿನಲ್ಲೇ ರೀಚಾರ್ಜ್ ಆಗುವುದರಿಂದ ಅವನ ಗಿರಾಕಿಯೂ ಹೋದ. ಕಿರಾಣಿಯವರ ಗಲ್ಲೆಯ ಮೇಲೆ ‘ಹಣ ಬಂತು’ ಎಂದು ಕೂಗುವ ಪೆಟ್ಟಿಗೆ ಇದೆಯಲ್ಲ, ಅದಕ್ಕೂ ತಿಂಗಳ ಬಾಡಿಗೆ ಹೋಗುತ್ತಿಲ್ಲವೇ? ಅಲ್ಲಿಯೂ ದೀಪ ಅಗ್ಗ, ಎಣ್ಣೆ ತುಟ್ಟಿ. ಆದುದರಿಂದ ಗಿರಣಿಯವನೂ ಅಂಗಡಿಯವನೂ ಒಬ್ಬರನ್ನೊಬ್ಬರು ದೂರುವುದನ್ನು ಬಿಟ್ಟು ಒಂದೇ ಲೆಕ್ಕವನ್ನು ಕೂಡಿ ನೋಡಬೇಕು.

ಹಾಗಾದರೆ ಮಾಡಬೇಕಾದದ್ದೇನು? ಫೋನು ಬಿಸಾಡಿರಿ ಎಂದು ನಾವು ಹೇಳುವುದಿಲ್ಲ. ಗುಳೆ ಹೋದ ಮಗನ ದನಿ ಅದರಲ್ಲಿದೆ, ಬ್ಯಾಂಕಿನ ಒ.ಟಿ.ಪಿ. ಅದಕ್ಕೇ ಬರುತ್ತದೆ, ಮೇಸ್ತ್ರಿ ಕೆಲಸಕ್ಕೆ ಕರೆಯುವುದೂ ಅದರಲ್ಲೇ. ಹಿಂದೆ ಇದು ಷೋಕಿಯಾಗಿತ್ತು, ಇಂದು ಉಪ್ಪಿನಷ್ಟೇ ಅವಶ್ಯಕ. ಉಪ್ಪಿನಷ್ಟು ಅವಶ್ಯಕವಾದದ್ದರ ಬೆಲೆಯನ್ನು ಮಾರುವವನೊಬ್ಬನೇ ಕಟ್ಟಬಾರದು ಎಂಬುದೇ ನಮ್ಮ ವಾದ.

ಮೊದಲು ನಮ್ಮ ಕೈಯಲ್ಲಿರುವ ಕೆಲಸ. ಫೋನು ಕೊಳ್ಳುವಾಗ ‘ಎಷ್ಟು’ ಎಂದು ಕೇಳಬೇಡಿ. ‘ಮೂರು ವರ್ಷಕ್ಕೆ ಒಟ್ಟು ಎಷ್ಟು’ ಎಂದು ಕೇಳಿ. ಕಂತಿನಲ್ಲಿ ಕೊಳ್ಳುವವರು ಕಂತಿನ ಸಂಖ್ಯೆಯನ್ನೂ ಮೇಲಿನ ಖರ್ಚನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ಠೇವಣಿ ಇಟ್ಟಿದ್ದರೆ ರಸೀದಿಯನ್ನು ರೇಷನ್ ಕಾರ್ಡಿನ ಜೊತೆಗೆ ಜೋಪಾನ ಮಾಡಿ. 2013ರಿಂದ ಒಂದು ನಿಯಮವಿದೆ: 90 ದಿನ ಬಳಸದೆ ಬಿಟ್ಟರೂ, ಪ್ರೀಪೇಡ್ ಖಾತೆಯಲ್ಲಿ 20 ರೂಪಾಯಿ ಇದ್ದರೆ ನಿಮ್ಮ ಸಂಖ್ಯೆಯನ್ನು ಕಿತ್ತುಹಾಕುವಂತಿಲ್ಲ; ಆದರೆ ಇದು ಸಂಖ್ಯೆಯನ್ನು ಉಳಿಸುತ್ತದೆಯೇ ಹೊರತು ಕರೆ ಬರುವಂತೆ ಮಾಡುವುದಿಲ್ಲ. 2011ರ ಜನವರಿಯಿಂದ ದೇಶದಲ್ಲೆಲ್ಲ ಸಂಖ್ಯೆ ಬದಲಿಸದೆ ಕಂಪನಿ ಬದಲಿಸಬಹುದು. ಪೋರ್ಟ್ ಎಂಬ ಇಂಗ್ಲಿಷ್ ಶಬ್ದ ಬರೆದು, ನಿಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಆ ಕೆಲಸ ಆರಂಭವಾಗುತ್ತದೆ. ದೂರು ಕೊಡಲು 198 ಇದೆ. ಇವು ಸಣ್ಣ ಆಯುಧಗಳು, ಆದರೆ ನಮ್ಮವು.

ಒಬ್ಬೊಬ್ಬರಾಗಿ ಆಗದ ಕೆಲಸಕ್ಕೆ ಕೂಡಿ ಕೇಳಬೇಕು. ನಾವು ಕೇಳುವುದು ನಾಲ್ಕು. ಒಂದು, ಹ್ಯಾಂಡ್‌ಸೆಟ್ಟು, ಠೇವಣಿ, ಕಡ್ಡಾಯ ರೀಚಾರ್ಜ್ ಎಲ್ಲ ಸೇರಿ ಗಿರಾಕಿ ಕೊಡುವ ಒಟ್ಟು ಹಣವನ್ನು ಕನ್ನಡದಲ್ಲಿ, ಜಾಹೀರಾತಿನ ಅಂಕಿಯಷ್ಟೇ ದೊಡ್ಡದಾಗಿ ಬರೆಯಬೇಕು. ಎರಡು, ಬಡವರಿಂದ ಪಡೆದ ಠೇವಣಿಗೆ ಬಡ್ಡಿ ಕೊಡಬೇಕು, ಷರತ್ತಿನ ನೆಪದಿಂದ ಹಿಡಿಯಬಾರದು. ಮೂರು, ಬರೀ ಮಾತಿನ ಪ್ಯಾಕನ್ನು ದೊಡ್ಡ ಪ್ಯಾಕಿನ ದರದಲ್ಲಿಯೇ ತಿಂಗಳಿಗೂ ಕೊಡಬೇಕು. ಒಳಬರುವ ಕರೆಯನ್ನು, ರೀಚಾರ್ಜ್ ಮುಗಿದರೂ, ಒಡನೆ ಕಡಿಯಬಾರದು. ನಾಲ್ಕು, ಬಿ.ಎಸ್.ಎನ್.ಎಲ್. ಬಲವಾಗಬೇಕು. 2024ರ ಏರಿಕೆಯಾದಾಗ ಜನ ಅತ್ತ ಓಡಿದರು. ಆದರೆ ಅದರ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು, ಖಾಸಗಿಯವರು 5ಜಿಗೆ ಹೋದ ಮೇಲೆ. ಸರ್ಕಾರ ತನ್ನ ಎತ್ತಿಗೆ ಮೇವು ಹಾಕದೆ, ಹೊಲ ಊಳಲಿಲ್ಲವೆಂದು ಅದನ್ನೇ ಬಯ್ಯಬಾರದು.

ಕೊನೆಗೆ ನಿಮಗೊಂದು ಮನೆಲೆಕ್ಕ ಕೊಡುತ್ತೇವೆ. ಮೇಷ್ಟ್ರ ಬುದ್ಧಿ, ಕ್ಷಮಿಸಿ. ಒಂದು ಎರಡು ರೂಪಾಯಿಯ ಬಾಬತ್ತೂ ಬಿಡದೆ, ನಿಮ್ಮ ಮನೆಯ ಎಲ್ಲ ಫೋನುಗಳಿಗೆ ಒಂದು ವರ್ಷದಲ್ಲಿ ಹಾಕಿಸಿದ ಹಣವನ್ನು ಒಂದು ಹಾಳೆಯ ಮೇಲೆ ಬರೆದು ಬರುವ ಭಾನುವಾರ ಸಂಘದ ಕಚೇರಿಗೆ ತನ್ನಿ. ಕೊಟ್ಟೂರಿನದು, ಕೂಡ್ಲಿಗಿಯದು, ಹಗರಿಬೊಮ್ಮನಹಳ್ಳಿಯದು, ಹಡಗಲಿ ಹರಪನಹಳ್ಳಿಗಳದು ಎಲ್ಲ ಹಾಳೆಗಳನ್ನು ಕೂಡಿಸಿ ಟ್ರಾಯ್‌ಗೂ ನಮ್ಮ ಲೋಕಸಭಾ ಸದಸ್ಯರಿಗೂ ಕಳಿಸೋಣ. ನಮ್ಮ ಹತ್ತಿರ ವಕೀಲರಿಲ್ಲ, ಜಾಹೀರಾತಿಲ್ಲ. ಸರಿಯಾದ ಲೆಕ್ಕವೊಂದಿದೆ.

ಆ ತಾಯಿ ಮಗನ ಬಳಿಗೆ ಹೋಗಿ ಬಂದಿದ್ದಾಳೆ. ಅವನ ಕಾಲು ಕೂಡುತ್ತಿದೆ. ಅವಳ ಫೋನಿಗೆ ಅಂದು ನಾವೇ ರೀಚಾರ್ಜ್ ಹಾಕಿಸಿದೆವು. ‘ಮತ್ತೆ ಯಾವಾಗ ಮುಗೀತದ?’ ಎಂದು ಕೇಳಿದಳು. ತಾರೀಖನ್ನು ಗೋಡೆಯ ಮೇಲೆ ಮಸಿಯಿಂದ ಬರೆದುಕೊಟ್ಟು ಬಂದೆವು. ಅದೇ ಗೋಡೆಯ ಮೇಲೆ ಹಾಲಿನ ಲೆಕ್ಕವೂ ಇತ್ತು. ಹಾಲಿನವನು ಕೊಡದ ದಿನ ಅವಳು ಗೆರೆ ಎಳೆಯುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಫೋನಿನ ಕಂಪನಿಯೊಡನೆಯೂ ಅವಳು ಅದೇ ನ್ಯಾಯ ಕೇಳುತ್ತಿದ್ದಾಳೆ. ಅದನ್ನು ಕೇಳುವುದಕ್ಕೆ ಅವಳೊಬ್ಬಳೇ ಸಾಲದು; ನಾವೆಲ್ಲರೂ ಕೇಳಬೇಕು.